ಕನ್ನಡದ ಕುಲಪುರೋಹಿತ ಶ್ರೀ ಆಲೂರು ವೆಂಕಟರಾಯರು

ಯಾವುದೇ ಪೂಜೆ, ವ್ರತ, ಹೋಮಗಳನ್ನು ಆರಂಭಿಸುವ ಮೊದಲು ಕರ್ತೃವು ಸಂಕಲ್ಪವನ್ನು ಮಾಡುತ್ತಾನೆ. ದೇಶಕಾಲಗಳನ್ನು ಉಚ್ಚರಿಸಿ, ತಾನು ಯಾರು, ಯಾವ ಉದ್ದೇಶದಿಂದ ಯಾವ ಕರ್ಮವನ್ನು ಮಾಡಲಿದ್ದೇನೆ ಎಂಬುದನ್ನು ನಿಶ್ಚಯಿಸಿಕೊಂಡ ಬಳಿಕವೇ ಕರ್ಮಕ್ಕೆ ತೊಡಗಬೇಕೆಂಬುದು ಶಾಸ್ತ್ರಮರ್ಯಾದೆ. ಕರ್ಮವು ಸಾಂಗವಾಯಿತೇ ಇಲ್ಲವೇ ಎಂಬುದನ್ನು ಆ ಸಂಕಲ್ಪದಿಂದಲೇ ಅಳೆಯಬೇಕು. ಅನಂತವ್ರತವನ್ನು ಸಂಕಲ್ಪಿಸಿದವನು ನೆರೆಮನೆಯಲ್ಲಿ ನಡೆದ ಮದುವೆಯ ಸಂಭ್ರಮ ತನ್ನ ಮನೆಯಲ್ಲಿ ಕಾಣಲಿಲ್ಲವೆಂದು ಕೊರಗಿದರೆ ನೋಡಿದವರು ನಕ್ಕಾರು.

ಆದರೆ ಜೀವನವೆಂಬ ದೀರ್ಘವಾದ ಕರ್ಮದಲ್ಲಿ ನಾವು ಬಹುಮಟ್ಟಿಗೆ ಹೀಗೆಯೇ ನಡೆದುಕೊಳ್ಳುತ್ತೇವೆ. ನಮ್ಮ ಸಂಕಲ್ಪವೇನೆಂಬುದನ್ನು ಒಮ್ಮೆಯೂ ಸ್ಪಷ್ಟವಾಗಿ ಹೇಳಿಕೊಳ್ಳದೆ, ನೆರೆಯವನ ಮನೆ, ಬಂಧುವಿನ ಸಂಬಳ, ಮಿತ್ರನ ಪದವಿ ಇವುಗಳಿಂದ ನಮ್ಮ ಬಾಳನ್ನು ಅಳೆದುಕೊಂಡು ಖೇದಪಡುತ್ತೇವೆ. ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ ತಮ್ಮ ಸಂಕಲ್ಪವನ್ನು ನಿಶ್ಚಯಿಸಿಕೊಂಡು, ಮುಂದಿನ ಐವತ್ತು ವರ್ಷಗಳ ಕಾಲ ಲೋಕದ ಅಳತೆಗೋಲನ್ನು ಮುಟ್ಟದೆ ಬಾಳಿದ ಒಬ್ಬ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ. ಅವರೇ ಕನ್ನಡದ ಕುಲಪುರೋಹಿತರೆಂದು ನಾಡೆಲ್ಲ ಗೌರವಿಸಿದ ಶ್ರೀ ಆಲೂರು ವೆಂಕಟರಾಯರು.

ಜನನ ಮತ್ತು ವಿದ್ಯಾಭ್ಯಾಸ

ವೆಂಕಟರಾಯರು 1880ನೆಯ ಇಸವಿ ಜುಲೈ 12ರಂದು ಇಂದು ವಿಜಯಪುರವೆನಿಸಿರುವ ಬಿಜಾಪುರದಲ್ಲಿ ಜನಿಸಿದರು. ತಂದೆ ಭೀಮರಾಯರು, ತಾಯಿ ಭಾಗೀರಥಿಬಾಯಿಯವರು. ಮಲಪ್ರಭೆಯ ದಡದಲ್ಲಿರುವ ಹೊಳೆಆಲೂರು ಈ ಮನೆತನದ ಮೂಲಸ್ಥಳ. ಭೀಮರಾಯರು ಸರ್ಕಾರದ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದರು. ಮಾಧ್ವ ಸಂಪ್ರದಾಯದ ಆಚಾರವಿಚಾರಗಳಲ್ಲಿ ಬೆಳೆದ ಮನೆ ಅದು. ಸರ್ಕಾರಿ ನೌಕರಿ ಮಾಡುತ್ತಿದ್ದ ತಂದೆಗೆ ತಮ್ಮ ಮಗನೂ ಓದಿ ಒಳ್ಳೆಯ ಸ್ಥಾನಕ್ಕೆ ಬರಬೇಕೆಂಬ ಅಪೇಕ್ಷೆಯಿರುವುದು ಸಹಜವಷ್ಟೆ.

ಧಾರವಾಡ ಪ್ರಾಂತದ ತರುಣರು ಉನ್ನತ ವ್ಯಾಸಂಗಕ್ಕಾಗಿ ಆಗ ಪುಣೆಗೆ ಹೋಗಬೇಕಾಗಿತ್ತು. ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿ 1903ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಬಳಿಕ ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನು ಓದಿ 1905ರಲ್ಲಿ ಎಲ್‌ಎಲ್‌.ಬಿ. ಪದವೀಧರರಾದರು. ಪುಣೆಯ ವಾಸವು ಅವರಿಗೆ ಪದವಿಗಿಂತ ದೊಡ್ಡದೊಂದನ್ನು ಕೊಟ್ಟಿತು. ಲೋಕಮಾನ್ಯ ತಿಲಕರ ವ್ಯಕ್ತಿತ್ವದ ಪ್ರಭಾವಕ್ಕೆ ಅವರು ಅಲ್ಲಿ ಒಳಗಾದರು. ಮಹಾರಾಷ್ಟ್ರದ ತರುಣರು ತಮ್ಮ ಭಾಷೆ, ಇತಿಹಾಸಗಳ ವಿಷಯದಲ್ಲಿ ತಳೆದಿದ್ದ ಅಭಿಮಾನವನ್ನು ಕಣ್ಣಾರೆ ಕಂಡರು. ಅಂಥ ಅಭಿಮಾನ ತಮ್ಮ ನಾಡಿನವರಲ್ಲಿ ಏಕಿಲ್ಲವೆಂಬ ಪ್ರಶ್ನೆಯು ಅವರ ಮನಸ್ಸಿನಲ್ಲಿ ಬೇರೂರಿತು.

ಅಂದಿನ ಕನ್ನಡ ನಾಡಿನ ಸ್ಥಿತಿಯನ್ನು ಇಂದಿನ ವಾಚಕರು ಊಹಿಸಿಕೊಳ್ಳುವುದೂ ಕಷ್ಟ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ, ಮಂಗಳೂರುಗಳು ಮದರಾಸಿನ ಆಡಳಿತದಲ್ಲಿದ್ದವು. ರಾಯಚೂರು, ಕಲಬುರ್ಗಿ, ಬೀದರಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಮೈಸೂರು ಒಡೆಯರ ಸಂಸ್ಥಾನವಾಗಿತ್ತು. ಕೊಡಗು ಬೇರೆಯೇ ಆಗಿತ್ತು. ಇವುಗಳ ನಡುವೆ ಜಮಖಂಡಿ, ಮುಧೋಳಗಳಂಥ ಸಣ್ಣ ಸಂಸ್ಥಾನಗಳು ಹರಡಿಕೊಂಡಿದ್ದವು. ಕನ್ನಡಿಗನು ಎಲ್ಲಿ ನೋಡಿದರೂ ಅನ್ಯಭಾಷೆಯ ದೊಡ್ಡ ಪ್ರಾಂತದ ಒಂದು ಮೂಲೆಯಲ್ಲಿರುತ್ತಿದ್ದನು. ಧಾರವಾಡದ ವಿದ್ಯಾವಂತರಲ್ಲಿಯೂ ಅನೇಕರು ಮರಾಠಿಯನ್ನೇ ಸಭ್ಯರ ಭಾಷೆಯೆಂದು ಭಾವಿಸಿದ್ದ ಕಾಲವದು.

ನವವೃಂದಾವನದ ದರ್ಶನ

1905ರಲ್ಲಿ ವೆಂಕಟರಾಯರು ಆನೆಗೊಂದಿಯ ನವವೃಂದಾವನದ ಯಾತ್ರೆಗೆ ಹೋದರು. ತುಂಗಭದ್ರೆಯ ನಡುಗಡ್ಡೆಯಲ್ಲಿರುವ ಆ ಪುಣ್ಯಕ್ಷೇತ್ರವು ನಮ್ಮ ವಾಚಕರಿಗೆ ಸುಪರಿಚಿತ. ಶ್ರೀ ಪದ್ಮನಾಭತೀರ್ಥರು, ಶ್ರೀ ವ್ಯಾಸರಾಜರು, ಶ್ರೀ ಸುಧೀಂದ್ರತೀರ್ಥರು ಮೊದಲಾದ ಒಂಬತ್ತು ಯತಿವರೇಣ್ಯರ ಸನ್ನಿಧಾನವದು. ಮಾಧ್ವ ಮನೆತನದ ತರುಣನೊಬ್ಬ ಅಲ್ಲಿಗೆ ಹೋಗಿ ಪ್ರದಕ್ಷಿಣ ನಮಸ್ಕಾರಗಳನ್ನು ಮಾಡಿ ಹಿಂದಿರುಗುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ ಆ ಯಾತ್ರೆಯಲ್ಲಿ ಅವರು ನದಿಯಾಚೆಯ ಹಂಪಿಯನ್ನೂ ನೋಡಿದರು.

ಶ್ರೀ ವ್ಯಾಸರಾಜರಿಗೆ ಶಿಷ್ಯನಾಗಿ ಕೃಷ್ಣದೇವರಾಯನು ಆಳಿದ ರಾಜಧಾನಿ, 1565ರ ಯುದ್ಧಾನಂತರ ಹಾಳಾಗಿ, ಮೂರು ಶತಮಾನಗಳಿಗೂ ಮಿಕ್ಕಿ ಮುರಿದ ಕಂಬಗಳಾಗಿ ಬಿದ್ದಿತ್ತು. ಒಂದು ದಡದಲ್ಲಿ ಗುರುಗಳ ವೃಂದಾವನಗಳಿಗೆ ನಿತ್ಯಪೂಜೆ, ಇನ್ನೊಂದು ದಡದಲ್ಲಿ ಆ ಗುರುಗಳು ಹರಸಿದ ರಾಜ್ಯದ ಅವಶೇಷ. ಈ ದೃಶ್ಯವು ಅವರ ಹೃದಯವನ್ನು ಕಲಕಿತು. ಅದೇ ವರ್ಷ ಬ್ರಿಟಿಷರು ವಂಗದೇಶವನ್ನು ಎರಡು ಹೋಳಾಗಿ ಮಾಡಿದ್ದರು. ಬಂಗಾಳಿಗಳು ಅದನ್ನು ಸಹಿಸದೆ ಪ್ರಬಲವಾದ ಚಳವಳಿಯನ್ನು ಆರಂಭಿಸಿದ್ದರು. ಎರಡಾದುದಕ್ಕೆ ಅವರು ಅಷ್ಟು ದುಃಖಿಸುತ್ತಿರುವಾಗ, ಐದಾರು ಆಡಳಿತಗಳ ಪಾಲಾಗಿರುವ ಕನ್ನಡಿಗರಿಗೆ ತಾವು ಒಡೆದಿದ್ದೇವೆಂಬ ಅರಿವೂ ಇರಲಿಲ್ಲ. ಈ ವಿಚಾರ ಬಂದ ದಿನದಿಂದ ಅವರ ಬಾಳಿನ ಸಂಕಲ್ಪ ನಿಶ್ಚಿತವಾಯಿತು. ಒಡೆದ ನಾಡು ಒಂದಾಗಬೇಕು. ಅದಕ್ಕೆ ಮೊದಲು ತಾನು ಕನ್ನಡಿಗನೆಂಬ ಅರಿವು ಪ್ರತಿಯೊಬ್ಬನಲ್ಲಿಯೂ ಮೂಡಬೇಕು.

ವಕೀಲಿಯ ತ್ಯಾಗ

ವೆಂಕಟರಾಯರು ಧಾರವಾಡದಲ್ಲಿ ವಕೀಲಿಯನ್ನು ಆರಂಭಿಸಿದ್ದರು. ಆ ಕಾಲದಲ್ಲಿ ವಕೀಲಿಯೆಂದರೆ ಹಣ, ಮಾನ, ಸರ್ಕಾರದ ಮನ್ನಣೆ ಎಲ್ಲವೂ ಕೂಡಿ ಬರುವ ವೃತ್ತಿ. ಅವರ ಸಂಗಡಿಗರಲ್ಲಿ ಅನೇಕರು ಅದರಿಂದ ಮನೆ, ಹೊಲಗಳನ್ನು ಸಂಪಾದಿಸಿದರು. ವೆಂಕಟರಾಯರಲ್ಲಿ ವಿದ್ಯೆಯಾಗಲಿ ವಾಕ್ಚಾತುರ್ಯವಾಗಲಿ ಕಡಿಮೆಯಿರಲಿಲ್ಲ. ಆದರೆ ಕಕ್ಷಿದಾರರ ಕಾಗದಪತ್ರಗಳಿಗೂ ನಾಡಿನ ಕೆಲಸಕ್ಕೂ ಒಂದೇ ದಿನದಲ್ಲಿ ಸ್ಥಳ ಸಾಲದೆಂಬುದು ಕ್ರಮೇಣ ಅವರ ಅನುಭವಕ್ಕೆ ಬಂದಿತು. ಎರಡನ್ನೂ ಅರ್ಧರ್ಧ ಮಾಡುವುದಕ್ಕಿಂತ ಒಂದನ್ನು ಬಿಡುವುದು ಲೇಸೆಂದು ಅವರು ವಕೀಲಿಯಿಂದ ದೂರವಾದರು.

ಈ ನಿರ್ಧಾರವು ಓದುವುದಕ್ಕೆ ಸುಲಭ; ಬಾಳುವುದಕ್ಕೆ ಸುಲಭವಲ್ಲ. ಓದಿಸಿದ ತಂದೆತಾಯಿಗಳ ಆಸೆಯಿದೆ, ಸಂಸಾರದ ಹೊಣೆಯಿದೆ, ಬಂಧುಬಾಂಧವರ ಮಾತಿದೆ. ಮುಂದಿನ ದಶಕಗಳಲ್ಲಿ ಹಣದ ಅಡಚಣೆಯು ಅವರನ್ನು ಹಿಂಬಾಲಿಸುತ್ತಲೇ ಇದ್ದಿತು. ಮನೆಯ ಯಜಮಾನನು ಕೈಗೊಂಡ ವ್ರತದ ಉಪವಾಸವನ್ನು ಮನೆಯವರೆಲ್ಲರೂ ಮಾಡಬೇಕಾಗುತ್ತದೆ. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇದನ್ನು ನಾವು ಮರೆಯಬಾರದು. ತ್ಯಾಗಿಯ ಹೆಸರು ಗ್ರಂಥಗಳಲ್ಲಿ ಉಳಿಯುತ್ತದೆ. ಅವನೊಡನೆ ತ್ಯಾಗ ಮಾಡಿದವರ ಹೆಸರು ಉಳಿಯುವುದು ವಿರಳ.

ಕಾರ್ಯಪರಂಪರೆ

1906ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವವನ್ನು ಅವರು ವಹಿಸಿಕೊಂಡರು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಈ ಸಂಘವು ಕನ್ನಡದ ಕೆಲಸ ಮಾಡುವವರಿಗೆ ಅಂದು ಪ್ರಮುಖ ಆಶ್ರಯವಾಗಿತ್ತು. ಬೇರೆ ಬೇರೆ ಪ್ರಾಂತಗಳ ಕನ್ನಡ ಗ್ರಂಥಕರ್ತರನ್ನು ಒಂದೆಡೆ ಸೇರಿಸುವ ಸಮ್ಮೇಳನಕ್ಕೂ ವೆಂಕಟರಾಯರು ಧಾರವಾಡದಲ್ಲಿ ಮುಂದಾದರು. ಮೈಸೂರಿನವನು ಧಾರವಾಡದವನನ್ನೂ, ಮಂಗಳೂರಿನವನು ಬಳ್ಳಾರಿಯವನನ್ನೂ ಅರಿಯದಿದ್ದ ಆ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಇಂಥ ಪ್ರಯತ್ನಗಳೇ ನೆಲವನ್ನು ಹದ ಮಾಡಿದವು.

ಇತಿಹಾಸವನ್ನು ತಿಳಿಸದೆ ಅಭಿಮಾನವನ್ನು ಹುಟ್ಟಿಸಲಾಗದೆಂಬುದು ಅವರ ದೃಢವಾದ ನಂಬಿಕೆ. ಫ್ಲೀಟ್, ರೈಸ್ ಮೊದಲಾದ ವಿದ್ವಾಂಸರು ನಮ್ಮ ಶಾಸನಗಳನ್ನು ಸಂಗ್ರಹಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಆದರೆ ಆ ಸಂಪತ್ತು ಕನ್ನಡ ಮಾತ್ರ ಬಲ್ಲ ಜನಸಾಮಾನ್ಯರಿಗೆ ಮುಚ್ಚಿದ ಪೆಟ್ಟಿಗೆಯಾಗಿತ್ತು. ವೆಂಕಟರಾಯರು 1907ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. 1914ರಲ್ಲಿ ಕರ್ನಾಟಕ ಇತಿಹಾಸ ಮಂಡಲವನ್ನು ಸ್ಥಾಪಿಸಿದರು. ದೀರ್ಘಕಾಲದ ವ್ಯಾಸಂಗದ ಫಲವಾಗಿ 1917ರಲ್ಲಿ ಕರ್ನಾಟಕ ಗತವೈಭವ ಎಂಬ ಅವರ ಪ್ರಸಿದ್ಧ ಗ್ರಂಥವು ಹೊರಬಂದಿತು. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದ ಅರಸರು ಇವರೆಲ್ಲರೂ ನಮ್ಮವರೇ ಎಂಬುದನ್ನು ಈ ಗ್ರಂಥವನ್ನೋದಿಯೇ ಅನೇಕ ಕನ್ನಡಿಗರು ಮೊದಲು ತಿಳಿದುಕೊಂಡರು.

ರಾಜಕೀಯ ಕ್ಷೇತ್ರದಲ್ಲಿಯೂ ಅವರ ದೃಷ್ಟಿ ಒಂದೇ. 1920ರಲ್ಲಿ ಧಾರವಾಡದಲ್ಲಿ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಅಖಿಲ ಕರ್ನಾಟಕ ರಾಜಕೀಯ ಪರಿಷತ್ತು ನೆರೆದಾಗ ಅದರ ಹಿಂದೆ ದುಡಿದವರಲ್ಲಿ ಅವರೂ ಒಬ್ಬರು. ಅದೇ ವರ್ಷದ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾನುಸಾರವಾದ ಪ್ರಾಂತಗಳನ್ನು ಒಪ್ಪಿದ ಮೇಲೆ ಕರ್ನಾಟಕಕ್ಕೆ ಪ್ರತ್ಯೇಕವಾದ ಪ್ರಾಂತಿಕ ಸಮಿತಿ ದೊರಕಿತು. ನಕ್ಷೆಯಲ್ಲಿ ಇಲ್ಲದ ಕರ್ನಾಟಕವು ಒಂದು ಸಮಿತಿಯ ಹೆಸರಿನಲ್ಲಿಯಾದರೂ ಅಸ್ತಿತ್ವಕ್ಕೆ ಬಂದಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಜರುಗಿದಾಗ, ಅಲ್ಲಿಯೇ ಏಕೀಕರಣ ಪರಿಷತ್ತೂ ಸೇರಿತು.

1922ರಲ್ಲಿ ಅವರು ಜಯಕರ್ನಾಟಕವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಬೇಂದ್ರೆಯವರಂಥ ತರುಣ ಕವಿಗಳು ಈ ಪತ್ರಿಕೆಯ ಆಶ್ರಯದಲ್ಲಿ ಬರೆದರು. ಸಾಹಿತ್ಯವನ್ನೂ ಇತಿಹಾಸವನ್ನೂ ನಾಡಿನ ಭಾವನೆಯನ್ನೂ ಮನೆಮನೆಗೆ ಮುಟ್ಟಿಸಿದ ಈ ಪತ್ರಿಕೆಯು ಲಾಭದ ವ್ಯಾಪಾರವಾಗಲಿಲ್ಲ. ಆಗಲೆಂಬ ಉದ್ದೇಶವೂ ಅದಕ್ಕಿರಲಿಲ್ಲ. 1930ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರನ್ನು ಅರಸಿಕೊಂಡು ಬಂದಿತು.

ಅವರಿಗೆ ವಿರೋಧವೂ ಇದ್ದಿತು. ದೇಶವೆಲ್ಲ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿರುವಾಗ ಪ್ರಾಂತದ ಮಾತನ್ನಾಡುವುದು ಸಂಕುಚಿತ ಮನೋಭಾವವೆಂದು ಕೆಲವರು ಆಕ್ಷೇಪಿಸುತ್ತಿದ್ದರು. ಕರ್ನಾಟಕತ್ವವು ಭಾರತೀಯತ್ವಕ್ಕೆ ವಿರೋಧಿಯಲ್ಲ, ಅದರ ಅಂಗವೇ ಆಗಿದೆಯೆಂಬುದನ್ನು ಅವರು ಕರ್ನಾಟಕತ್ವದ ವಿಕಾಸವೇ ಮೊದಲಾದ ಗ್ರಂಥಗಳಲ್ಲಿ ಪ್ರತಿಪಾದಿಸಿದರು. ಮನೆದೇವರನ್ನು ಪೂಜಿಸುವವನು ಸರ್ವೋತ್ತಮನಾದ ಶ್ರೀಹರಿಗೆ ವಿಮುಖನಾಗುವುದಿಲ್ಲವೆಂಬುದನ್ನು ಬಲ್ಲ ನಮಗೆ ಈ ವಾದವನ್ನು ಗ್ರಹಿಸುವುದು ಕಷ್ಟವಲ್ಲ.

ಆಚಾರ್ಯರ ಸಿದ್ಧಾಂತದ ವ್ಯಾಸಂಗ

ವೆಂಕಟರಾಯರು ನಾಡಿನ ಸೇವಕರೆಂಬುದು ಎಲ್ಲರಿಗೂ ಗೊತ್ತು. ಅವರು ಶ್ರೀಮದಾಚಾರ್ಯರ ಸಿದ್ಧಾಂತದ ಆಳವಾದ ಅಭ್ಯಾಸಿಗಳಾಗಿದ್ದರೆಂಬುದು ನಮ್ಮವರಲ್ಲಿಯೂ ಅನೇಕರಿಗೆ ಗೊತ್ತಿಲ್ಲ. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದ ಅವರು, ಅಲ್ಲಿಗೇ ನಿಲ್ಲದೆ ಆಚಾರ್ಯರ ಗ್ರಂಥಗಳನ್ನು ಪರಿಶೀಲಿಸಿದರು. ಗೀತೆಯನ್ನು ಕುರಿತು ಗೀತಾಪ್ರಕಾಶ, ಗೀತಾಪರಿಮಳ ಮೊದಲಾದ ಕೃತಿಗಳನ್ನು ರಚಿಸಿದರು. ದ್ವೈತವೆಂಬ ಹೆಸರು ಆಚಾರ್ಯರ ದರ್ಶನದ ಹೃದಯವನ್ನು ತಿಳಿಸುವುದಿಲ್ಲ. ಬ್ರಹ್ಮವು ಅನಂತಗುಣಪರಿಪೂರ್ಣವೆಂಬುದೇ ಅದರ ಜೀವಾಳ. ಆದುದರಿಂದ ಅದನ್ನು ಪೂರ್ಣಬ್ರಹ್ಮವಾದವೆಂದು ಕರೆಯುವುದು ಯುಕ್ತವೆಂದು ಅವರು ಪ್ರತಿಪಾದಿಸಿದರು.

ಇಲ್ಲಿ ಅವರ ಬಾಳನ್ನು ಅರ್ಥಮಾಡಿಕೊಳ್ಳಲು ಒಂದು ಕೀಲಿಕೈ ದೊರೆಯುತ್ತದೆಯೆಂದು ನಮಗೆ ತೋರುತ್ತದೆ. ಪ್ರತಿಯೊಂದು ಜೀವಕ್ಕೂ ಅದರದೇ ಆದ ಸ್ವರೂಪಯೋಗ್ಯತೆಯಿದೆಯೆಂಬುದು ನಮ್ಮ ಸಿದ್ಧಾಂತದ ಪ್ರಮೇಯ. ಮುಕ್ತಿಯಲ್ಲಿಯೂ ಆನಂದವು ಯೋಗ್ಯತಾನುಸಾರ. ಅದಕ್ಕೆ ಹಿರಿಯರು ಪಾತ್ರೆಗಳ ದೃಷ್ಟಾಂತವನ್ನು ಕೊಡುತ್ತಾರೆ. ಕೊಡವೂ ತುಂಬಿದೆ, ತಂಬಿಗೆಯೂ ತುಂಬಿದೆ. ಎರಡರ ಅಳತೆ ಬೇರೆ, ಆದರೆ ಪೂರ್ಣತೆ ಎರಡಕ್ಕೂ ಇದೆ. ಈ ಪ್ರಮೇಯವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು ಮನೆಗೆ ಬಂದೊಡನೆ ನಮ್ಮ ತಂಬಿಗೆಯನ್ನು ನೆರೆಯವರ ಕೊಡದೊಡನೆ ಹೋಲಿಸಿ ನೋಡುತ್ತೇವೆ. ತನ್ನ ಯೋಗ್ಯತೆಗೆ ಒಪ್ಪುವ ಕರ್ಮವನ್ನು ಗುರುತಿಸಿ, ಅದನ್ನು ಪೂರ್ಣವಾಗಿ ನಡೆಸುವುದೇ ಸಾಫಲ್ಯವೆಂಬುದನ್ನು ವೆಂಕಟರಾಯರು ಬದುಕಿ ತೋರಿಸಿದರು. ಹಾಗೆಂದು ತನಗೆ ತೋಚಿದುದೆಲ್ಲವೂ ಸ್ವಧರ್ಮವಾಗದು. ಅವರ ಸಂಕಲ್ಪವು ಸ್ವಂತದ್ದಾಗಿದ್ದರೂ ಸ್ವಾರ್ಥದ್ದಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

ಪರೀಕ್ಷೆಯ ವರ್ಷಗಳು

ಸಂಕಲ್ಪವು ಉಚ್ಚವಾಗಿದ್ದಷ್ಟೂ ಫಲವು ತಡವಾಗುತ್ತದೆ. ವೆಂಕಟರಾಯರು 1941ರಲ್ಲಿ ನನ್ನ ಜೀವನಸ್ಮೃತಿಗಳು ಎಂಬ ಆತ್ಮಕಥೆಯನ್ನು ಪ್ರಕಟಿಸಿದಾಗ ಅವರ ವಯಸ್ಸು ಅರವತ್ತನ್ನು ದಾಟಿತ್ತು; ನಾಡು ಇನ್ನೂ ಒಡೆದೇ ಇತ್ತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತು. ಕನ್ನಡ ನಾಡು ಒಂದಾಗಲಿಲ್ಲ. 1948ರಲ್ಲಿ ಸರ್ಕಾರವು ನೇಮಿಸಿದ ಧರ್ ಆಯೋಗವು ಭಾಷಾವಾರು ಪ್ರಾಂತರಚನೆಯು ಸದ್ಯಕ್ಕೆ ಬೇಡವೆಂದು ಅಭಿಪ್ರಾಯಪಟ್ಟಿತು. ಇಪ್ಪತ್ತೈದರಲ್ಲಿ ಕೈಗೊಂಡ ಕೆಲಸಕ್ಕೆ ಅರವತ್ತೆಂಟರಲ್ಲಿ ದೊರೆತ ಉತ್ತರವಿದು.

ಒಂದು ಕ್ಷಣ ಇಲ್ಲಿ ನಿಂತು ವಿಚಾರ ಮಾಡಬೇಕು. ಅವರ ಆಯುಷ್ಯವು ಅಂದಿಗೇ ಮುಗಿದಿದ್ದರೆ ಲೋಕವು ಏನೆನ್ನುತ್ತಿತ್ತು? ವಕೀಲಿಯನ್ನು ಬಿಟ್ಟರು, ಹಣ ಗಳಿಸಲಿಲ್ಲ, ಅಧಿಕಾರ ಹಿಡಿಯಲಿಲ್ಲ, ಹಿಡಿದ ಕೆಲಸವೂ ಆಗಲಿಲ್ಲ ಎಂದು ಹೇಳುತ್ತಿತ್ತು. ಆದರೆ ಅಷ್ಟರಲ್ಲಿ ಕನ್ನಡಿಗರ ಎರಡು ತಲೆಮಾರುಗಳು ಅವರ ಗ್ರಂಥಗಳನ್ನೋದಿ ಬೆಳೆದಿದ್ದವು. ಏಕೀಕರಣದ ಮಾತು ಕೆಲವರು ವಿದ್ವಾಂಸರ ಕೋಣೆಯಿಂದ ಹಳ್ಳಿಯ ಕಟ್ಟೆಗೆ ಬಂದು ಮುಟ್ಟಿತ್ತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸವನ್ನು ಕೈಗೊಂಡಾಗ ಹುಬ್ಬಳ್ಳಿಯ ಜನಸಾಗರವೇ ಉಕ್ಕಿತು. ಐವತ್ತು ವರ್ಷಗಳ ಹಿಂದೆ ಯಾರಿಗೂ ಇಲ್ಲದಿದ್ದ ಅರಿವು ಆಗ ಎಲ್ಲರಿಗೂ ಇದ್ದಿತು. ವೆಂಕಟರಾಯರ ಸಂಕಲ್ಪದ ಮೊದಲ ಭಾಗವು, ಗಡಿರೇಖೆಗಳು ಬದಲಾಗುವ ಮೊದಲೇ, ಸದ್ದಿಲ್ಲದೆ ನೆರವೇರಿತ್ತು.

ಹಂಪಿಗೆ ಮರಳಿದುದು

ಫಜಲ್ ಅಲಿ ಆಯೋಗದ ವರದಿಯ ಬಳಿಕ 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಕೂಡಿ ಒಂದು ರಾಜ್ಯವಾದವು. ಎಪ್ಪತ್ತಾರು ವರ್ಷದ ವೆಂಕಟರಾಯರು ಅಂದು ಹಂಪಿಗೆ ಹೋದರು. ಶ್ರೀ ವಿರೂಪಾಕ್ಷನ ಸನ್ನಿಧಿಯಲ್ಲಿರುವ ಭುವನೇಶ್ವರಿಗೆ ಪೂಜೆಯನ್ನು ಸಲ್ಲಿಸಿದರು. ಯಾವ ಸ್ಥಳದಲ್ಲಿ ಸಂಕಲ್ಪವಾಗಿತ್ತೋ ಅದೇ ಸ್ಥಳದಲ್ಲಿ, ಐವತ್ತೊಂದು ವರ್ಷಗಳ ಬಳಿಕ, ಸಮರ್ಪಣೆಯೂ ಆಯಿತು.

ಆದರೂ ಫಲವು ಪರಿಪೂರ್ಣವಾಗಿರಲಿಲ್ಲ. ಕಾಸರಗೋಡು ಹೊರಗುಳಿಯಿತು, ಸೊಲ್ಲಾಪುರವೂ ಸೇರಲಿಲ್ಲ. ಹೊಸ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಮುಂದುವರಿಯಿತು. ಕರ್ನಾಟಕವೆಂಬ ಹೆಸರಿಗಾಗಿ ಹಂಬಲಿಸಿದ ವೆಂಕಟರಾಯರು 1964ರ ಫೆಬ್ರವರಿ 25ರಂದು, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, ಹರಿಪಾದವನ್ನು ಸೇರಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅನಂತರ ಒಂಬತ್ತು ವರ್ಷಗಳಿಗೆ, 1973ರ ನವೆಂಬರ್ 1ರಂದು. ಅದನ್ನು ನೋಡಲು ಅವರಿರಲಿಲ್ಲ.

ಉಪಸಂಹಾರ

ನಾಡಿನ ಜನರು ಅವರಿಗೆ ಕುಲಪುರೋಹಿತರೆಂಬ ಬಿರುದನ್ನು ಕೊಟ್ಟರು. ಈ ಬಿರುದಿನ ಅರ್ಥವನ್ನು ಪೌರೋಹಿತ್ಯವನ್ನು ಬಲ್ಲ ಮನೆತನದವರು ಹೆಚ್ಚು ಚೆನ್ನಾಗಿ ಗ್ರಹಿಸಬಲ್ಲರು. ಪುರೋಹಿತನು ಮಂತ್ರವನ್ನು ಹೇಳುತ್ತಾನೆ, ಹೊಗೆಯನ್ನು ಕುಡಿಯುತ್ತಾನೆ, ಹೊತ್ತು ಮೀರಿ ಊಟ ಮಾಡುತ್ತಾನೆ. ಕರ್ಮದ ಫಲ ಮಾತ್ರ ಯಜಮಾನನಿಗೆ. ಪುರೋಹಿತನು ತನ್ನ ಕಡೆಯಿಂದ ನೋಡಿಕೊಳ್ಳಬೇಕಾದುದು ಇಷ್ಟೇ: ಸ್ವರವು ತಪ್ಪಲಿಲ್ಲ, ಕ್ರಮವು ಕೆಡಲಿಲ್ಲ, ನಡುವೆ ಎದ್ದುಹೋಗಲಿಲ್ಲ. ವೆಂಕಟರಾಯರು ದಕ್ಷಿಣೆಯನ್ನೂ ಅಪೇಕ್ಷಿಸದ ಪುರೋಹಿತರು. ಯಜಮಾನರು ಕನ್ನಡಿಗರು, ಫಲವನ್ನು ಉಣ್ಣುತ್ತಿರುವವರು ನಾವು.

ನಮ್ಮ ಮನೆಗಳಲ್ಲಿ ಮಕ್ಕಳು ಓದನ್ನು ಮುಗಿಸಿ ಮುಂದಿನ ದಾರಿಯನ್ನು ನಿಶ್ಚಯಿಸುವಾಗ ಹಿರಿಯರು ಮೊದಲು ಕೇಳುವ ಪ್ರಶ್ನೆ ಸಂಬಳವೆಷ್ಟೆಂಬುದು. ಗೃಹಸ್ಥನಿಗೆ ಸಂಪಾದನೆ ಬೇಡವೆಂದು ಶಾಸ್ತ್ರವು ಹೇಳುವುದಿಲ್ಲ. ಆ ಪ್ರಶ್ನೆಯು ತಪ್ಪೂ ಅಲ್ಲ. ಆದರೆ ಅದಕ್ಕಿಂತ ಮೊದಲು ನಿನ್ನ ಸಂಕಲ್ಪವೇನೆಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು. ಸಂಗೀತಕ್ಕೋ, ಪಾಠಕ್ಕೋ, ಕೃಷಿಗೋ, ವೃದ್ಧರಾದ ತಂದೆತಾಯಿಗಳ ಸೇವೆಗೋ ತನ್ನ ಬಾಳನ್ನು ಮೀಸಲಿಟ್ಟ ಮಗನನ್ನೋ ಮಗಳನ್ನೋ ಬಂಧುಗಳೆದುರಿಗೆ ಹೆಸರಿಸುವಾಗ ನಮ್ಮ ದನಿಯು ತಗ್ಗಬಾರದು. ಸಂಕಲ್ಪವನ್ನು ಉಚ್ಚರಿಸುವ ಬಾಯಿ ಅವರದಾಗಿರಲಿ. ಅದು ಸತ್ಸಂಕಲ್ಪವಾಗಿರುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಹಿರಿಯರದು. ಕರ್ಮದ ಕೊನೆಯಲ್ಲಿ ಎಲ್ಲರೂ ಕೈಯಲ್ಲಿ ನೀರು ಹಿಡಿದು ಬಿಡುವುದು ಒಬ್ಬನೇ ಸ್ವಾಮಿಯ ಪಾದದಲ್ಲಿಯಷ್ಟೆ.

ಶ್ರೀಕೃಷ್ಣಾರ್ಪಣಮಸ್ತು.